ಶಕುಂತಲಾ ದೇವಿಯವರ 26 ಅಂಕಿ ಉತ್ತರಾನ ನಾನು ತಾಳೆ ನೋಡಿದ್ದು

ನಮ್ಮ ಬೆಂಗಳೂರಲ್ಲೇ ಹುಟ್ಟಿದ ಶಕುಂತಲಾ ದೇವಿಯವರು 1980ರ ಜೂನ್ 18ಕ್ಕೆ ಲಂಡನ್ನಿನ ಇಂಪೀರಿಯಲ್ ಕಾಲೇಜಲ್ಲಿ ಮಾಡಿದ ಗುಣಾಕಾರ ನಿಮಗೂ ಗೊತ್ತಿರತ್ತೆ, ಕಂಪ್ಯೂಟರ್ ವಿಭಾಗದವ್ರು ಕೊಟ್ಟ 7686369774870 ಮತ್ತೆ 2465099745779, ಇವೆರಡನ್ನೂ ಮನಸಲ್ಲೇ ಗುಣಿಸಿ 28 ಸೆಕೆಂಡಲ್ಲಿ 18947668177995426462773730 ಅಂದ್ಬಿಟ್ರು. ಎಲ್ಲಿ ಓದಿದ್ರೂ ಅಬ್ಬಾ ಅಂದ್ಕೊಂಡು ಮುಂದೆ ಹೋಗ್ತಿದ್ದೆ, ಆ ಸಂಖ್ಯೆ ಒಳಗೆ ಏನಿದೆ ಅಂತ ನೋಡೇ ಇರ್ಲಿಲ್ಲ. ಹೋದ ಭಾನುವಾರ ಪೆನ್ನು ಪೇಪರ್ ತಗೊಂಡು ಕೂತೆ, ಪೂರ್ತಿ ಗುಣಿಸೋದು ಬೇಡ, ತಾಳೆ ಮಾತ್ರ ನೋಡೋಣ ಅಂತ.

ಮೊದಲು 9. ಮೊದಲ್ನೇ ಸಂಖ್ಯೆಯ ಅಂಕಿ ಎಲ್ಲಾ ಕೂಡಿದ್ರೆ 78, 9ರಿಂದ ಭಾಗಿಸಿದ್ರೆ ಶೇಷ 6. ಎರಡನೇದು 74, ಶೇಷ 2. ಆರೆರಡ್ಲ ಹನ್ನೆರಡು, ಅದರ ಶೇಷ 3. ಉತ್ತರದ ಅಂಕಿಗಳ ಮೊತ್ತ 138, ಶೇಷ 3. ಸರಿ ಹೋಯ್ತು.

ಆಮೇಲೆ 11. ಬಲಗಡೆಯಿಂದ ಒಂದಂಕಿ ಕೂಡು, ಮುಂದಿಂದು ಕಳಿ, ಹೀಗೇ ಕೊನೇವರೆಗೂ. ಎರಡನೇ ಸಂಖ್ಯೆಗೆ ಸರಿಯಾಗಿ 0 ಬಂತು, ಅಂದ್ರೆ 11ರಿಂದ ನಿಶ್ಶೇಷವಾಗಿ ಭಾಗ ಹೋಗತ್ತೆ (ಭಾಗಿಸೂ ನೋಡ್ದೆ, 224099976889). ಅದು ಹೋದ್ಮೇಲೆ ಉತ್ತರಕ್ಕೂ 0 ಬರ್ಲೇಬೇಕು. ನನಗೆ 8 ಬಂತು! ಮತ್ತೆ ಮಾಡ್ದೆ, ಮತ್ತೆ 8. ಒಂದೊಂದೇ ಅಂಕಿ ಮೇಲೆ ಬೆರಳಿಟ್ಟು ಹೋಲಿಸಿದಾಗ ಗೊತ್ತಾಯ್ತು, ಉತ್ತರದ ನಡುವೆ 426, 462 ಅಂತ ಅಕ್ಕಪಕ್ಕ ಇದಾವೆ, ನಾನು ಇಳಿಸ್ಕೊಳ್ಳುವಾಗ ಎರಡು ಸಲಾನೂ 462 ಅಂತ ಬರೆದಿದ್ದೆ. 9ರ ತಾಳೆಗೆ ಇದು ಕಾಣಲ್ಲ, ಅಂಕಿ ಜಾಗ ಬದಲಾದ್ರೂ ಮೊತ್ತ ಅದೇ ಇರತ್ತಲ್ಲ. 11 ಹಿಡಿದುಬಿಡ್ತು, ತಿದ್ದಿದ ತಕ್ಷಣ 0.

ನನಗೆ ತುಂಬಾ ಖುಷಿ ಕೊಟ್ಟಿದ್ದು 1001. ಅದು 7, 11, 13ರ ಗುಣಲಬ್ಧ, ಹಾಗಾಗಿ ಒಂದೇ ಏಟಿಗೆ ಮೂರರ ತಾಳೆ ಆಗತ್ತೆ. ಬಲಗಡೆಯಿಂದ ಮೂರು ಮೂರಂಕಿ ಗುಂಪು ಮಾಡಿ ಒಂದು ಗುಂಪು ಕೂಡು, ಮುಂದಿನ ಗುಂಪು ಕಳಿ: 870 − 774 + 369 − 686 + 7, ಅಂದ್ರೆ −214. ಎರಡನೇದಕ್ಕೆ −330. ಗುಣಿಸಿದ್ರೆ 70620, ಅದನ್ನೂ ಹಾಗೇ ಮಾಡಿದ್ರೆ 620 − 70 = 550. ಈಗ ಉತ್ತರದ ಒಂಬತ್ತು ಗುಂಪು, ನಿಧಾನಕ್ಕೆ ಕೂಡ್ತಾ ಕಳೀತಾ ಬಂದೆ, ಕೊನೇಗೆ 532ಕ್ಕೆ 18 ಸೇರಿಸಿದಾಗ ಅದೇ 550. ಮೈ ಜುಮ್ ಅಂತು ನಿಜವಾಗ್ಲೂ. 550 ನೋಡಿದ್ರೆ ಇನ್ನೂ ಒಂದು ಗೊತ್ತಾಗತ್ತೆ, ಅದು 7ರಿಂದಾಗ್ಲಿ 13ರಿಂದಾಗ್ಲಿ ಭಾಗ ಹೋಗಲ್ಲ, ಹಾಗಾಗಿ ಆ ದೊಡ್ಡ ಸಂಖ್ಯೇನೂ ಹೋಗಲ್ಲ.

ಮೊದಲ್ನೇ ಸಂಖ್ಯೇಲಿ 2, 3, 5 ಇದಾವೆ, ಎರಡನೇದ್ರಲ್ಲಿ 11, ನಾಲ್ಕೂ ಒಂದೊಂದೇ ಸಲ. ಅಂದ್ರೆ ಉತ್ತರ 330ರಿಂದ ಭಾಗ ಹೋಗತ್ತೆ, ಭಾಗಲಬ್ಧ 57417176296955837765981. ಇನ್ನೂ ಒಡೀಬೇಕು, ಆದ್ರೆ 23 ಅಂಕಿ ಜೊತೆ ಗುದ್ದಾಡೋ ಬದ್ಲು ಇದು ಹುಟ್ಟಿದ ಎರಡು 12 ಅಂಕಿ ಸಂಖ್ಯೆಗಳನ್ನೇ, 256212325829 ಮತ್ತೆ 224099976889, ಬೇರೆ ಬೇರೆ ಹಿಡ್ಕೊಂಡಿದೀನಿ. 17 ಆಗ್ಲಿಲ್ಲ, 19ಊ ಆಗ್ಲಿಲ್ಲ, ಇವತ್ತು ರಾತ್ರಿ 23ರಿಂದ ಶುರು.