ತೋಟದಲ್ಲಿ ಬಾಯಿ ಬಿಡದವರು ಸಂತೆಯಲ್ಲಿ ಚೀಲ ಬಿಚ್ಚಿದರು

"ಅಸ್ಸಾಮಿನವರ ಹತ್ರ ಸರ್ವೆ ಆಗಲ್ಲ, ದುಡ್ಡು ದಂಡ" ಅಂತ ಫೀಲ್ಡಿನಲ್ಲಿ ಪಳಗಿದವರೇ ಹೇಳಿದ್ದರು. ಕೊಡಗಿನ ಕಾಫಿ ತೋಟಗಳಲ್ಲಿ ಕೆಲಸಕ್ಕಿರುವ ಅಸ್ಸಾಮಿನವರು ಯಾವ ಅಡುಗೆ ಎಣ್ಣೆ, ಎಷ್ಟು ದೊಡ್ಡ ಪ್ಯಾಕು ಕೊಳ್ಳುತ್ತಾರೆ ಅನ್ನೋದು ನನ್ನ ಕ್ಲೈಂಟಿಗೆ ಬೇಕಿತ್ತು. ನನಗಿಂತ ಮುಂಚೆ ಹೋದ ಏಜೆನ್ಸಿಯ ಫಾರ್ಮಿನಲ್ಲಿ ಮೊದಲ ಮೂರು ಪ್ರಶ್ನೆ: ಹೆಸರು, ತಂದೆಯ ಹೆಸರು, ಊರು. 2019ರ ಆಗಸ್ಟ್ 31ರ ಎನ್‌ಆರ್‌ಸಿ, ಅಂದರೆ ಪೌರರ ನೋಂದಣಿ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದ ರಾಜ್ಯದವರಿಗೆ ಕೇಳುವ ಪ್ರಶ್ನೆಯೇ ಇದು? ಟ್ಯಾಬ್ ಕಂಡದ್ದೇ ಜನ ಒಳಗೆ ಸೇರಿಕೊಂಡರಂತೆ.

ನಾನು ಆ ಮೂರನ್ನೂ ಕಿತ್ತು ಹಾಕಿದೆ. ಆದರೂ ಕೂಲಿಯವರಿರುವ ಲೈನ್ ಮನೆಗಳಲ್ಲಿ ಏನೂ ಗಿಟ್ಟಲಿಲ್ಲ. ಪಕ್ಕದಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ನಿಂತಿರುತ್ತಿದ್ದರು, ಏನು ಕೇಳಿದರೂ "ಸಬ್ ಠೀಕ್ ಹೈ." ಜೀಪ್ ಬಾಡಿಗೆ, ಹುಡುಗರ ಭತ್ಯೆ, ಊಟ ಅಂತ 40 ಸಾವಿರದ ಹತ್ತಿರ ಮಣ್ಣುಪಾಲಾಯಿತು.

ಆಮೇಲೆ ಹಿಡಿದದ್ದು ಸಿದ್ದಾಪುರದ ಭಾನುವಾರದ ಸಂತೆ. ಸಾಮಾನು ಕಟ್ಟಿಕೊಂಡು ಜೀಪಿಗೆ ಕಾಯುವಾಗ ಜನ ಬೇರೆಯೇ. "ಏನು ಕೊಳ್ತೀರಿ" ಅಂತ ಕೇಳಲೇ ಇಲ್ಲ, "ಚೀಲದಲ್ಲಿ ಏನಿದೆ ತೋರಿಸ್ತೀರಾ" ಅಂದೆವು, ಅಷ್ಟೇ. ಮಸೂರ್ ಬೇಳೆ, ಆಲೂಗೆಡ್ಡೆ, ಪೇಪರಿನಲ್ಲಿ ಸುತ್ತಿದ ಒಣಮೀನು, ಅರ್ಧ ಲೀಟರಿನ ಸಾಸಿವೆ ಎಣ್ಣೆ. ಒಬ್ಬ ಹೆಂಗಸು ಮುಚ್ಚಳ ತೆಗೆದು ಒಂದು ತೊಟ್ಟು ಅಂಗೈಗೆ ತಿಕ್ಕಿ ನಮ್ಮ ಹುಡುಗನ ಮೂಗಿಗೇ ಹಿಡಿದಳು. ಘಾಟು ಸಾಲದು, ಇಲ್ಲಿ ಸಿಗೋದೆಲ್ಲ ಸಪ್ಪೆ ಅಂತ ಅವಳ ದೂರು. ಅಗ್ಗವಾಗಿದ್ದರೆ ಸಾಕು ಅಂದುಕೊಂಡಿದ್ದ ಕ್ಲೈಂಟಿಗೆ ಈ ಒಂದು ಮಾತಿಗೇ ಫೀಸು ಹುಟ್ಟಿತು ಅಂತ ನನ್ನ ಲೆಕ್ಕ.

ಮಾತಾಡಿದವರಿಗೆ 50 ರೂಪಾಯಿ ರೀಚಾರ್ಜ್ ಅಂದುಕೊಂಡಿದ್ದೆವು. ನಂಬರ್ ಕೇಳಿದರೆ ಮತ್ತೆ ಅದೇ ಭಯ. ಚಹಾ-ಬನ್ನಿಗೆ ಇಳಿಸಿದೆ, ತಲೆಗೆ 20-25 ರೂಪಾಯಿಯಲ್ಲಿ ಮುಗಿಯಿತು. ಇಂಟರ್‌ವ್ಯೂಗೆ ಮೈಸೂರಿನ ಹಿಂದಿ ಹುಡುಗರನ್ನು ಬಿಟ್ಟು, ಅಲ್ಲೇ ಮೊಬೈಲ್ ಅಂಗಡಿಯಲ್ಲಿದ್ದ ಅಸ್ಸಾಮಿನ ಬರಪೇಟಾ ಕಡೆಯವನನ್ನು ದಿನಕ್ಕೆ ಸಾವಿರದಂತೆ ಹಿಡಿದೆ. ಅವನ ಬಂಗಾಳಿ, ಅಸ್ಸಾಮಿ ಎರಡೂ ನಡೆಯುತ್ತಿತ್ತು. ಅಸ್ಸಾಮಿನ ಚಹಾ ತೋಟದ ಆದಿವಾಸಿಗಳು ಆಡುವ ಸಾದ್ರಿ ಭಾಷೆ ಬರದು, ಅದಕ್ಕೆ ಇನ್ನೊಬ್ಬ ಬೇಕಾಯಿತು. ಅಂಗಡಿಯವರ ಬಿಲ್ ಪುಸ್ತಕ ಕೈಗೆ ಹೇಗೆ ಬಂತು ಅಂತ ಮಾತ್ರ ಕೇಳಬೇಡಿ, ಹೊಟ್ಟೆಪಾಡು.

ನಡುವೆ ಒಂದು ತಲೆಹರಟೆ. ಒಂದಂಗಡಿಯಲ್ಲಿ ಅಡುಗೆ ಸೋಡಾ ವಿಪರೀತ ಖರ್ಚಾಗುತ್ತಿತ್ತು. ಬಾಳೆಸಿಪ್ಪೆಯ ಬೂದಿ ಸೋಸಿ ಮಾಡುವ ಅವರ 'ಖಾರ್' ಅಡುಗೆಗೆ ಇಲ್ಲಿ ಸೋಡಾನೇ ಬದಲಿ. ನಾನೇ ಹಿತ್ತಲಲ್ಲಿ ಸಿಪ್ಪೆ ಸುಟ್ಟು, ಸೋಸಿ, ಬಾಟಲಿ ತುಂಬಿ ಒಯ್ದೆ. ಮೂಸಿ ನೋಡಿ ನಕ್ಕರು, ಸೋಡಾನೇ ಸಾಕಂತೆ. ಮಾರ್ಕೆಟ್ ಇಲ್ಲ!

ಬ್ಯಾಕ್‌ಚೆಕ್, ಅಂದರೆ ಮಾತಾಡಿಸಿದವರನ್ನೇ ಮತ್ತೆ ಕೇಳಿ ತಾಳೆ ನೋಡೋದನ್ನು, ಮೇ ತಿಂಗಳಲ್ಲಿ ಮಾಡಿ ಅಂದರು ಕ್ಲೈಂಟ್. ಕೊಯ್ಲು ಮುಗಿದು, ಏಪ್ರಿಲ್‌ನ ಬಿಹು ಹಬ್ಬಕ್ಕೆ ಊರಿಗೆ ಹೋದವರಲ್ಲಿ ಎಷ್ಟೋ ಜನ ವಾಪಸ್ಸೇ ಬಂದಿರುವುದಿಲ್ಲ. ಆಗಲ್ಲ ಅಂದೆ. ಜನವರಿಗೆ ಒಪ್ಪಿದ್ದಾರೆ, ಅಡ್ವಾನ್ಸ್ ಅರ್ಧ ಬಂದಿದೆ.