ಕೊಡುವಾಗ ನನ್ನೊಳಗೆ ನೋಡಿಕೊಂಡಿದ್ದು

ಜೈನ ಗೃಹಸ್ಥರ ಆಚಾರವನ್ನು ಹೇಳುವ ‘ಪುರುಷಾರ್ಥಸಿದ್ಧ್ಯುಪಾಯ’ ಗ್ರಂಥದಲ್ಲಿ ಆಚಾರ್ಯ ಅಮೃತಚಂದ್ರ ಸೂರಿಗಳು ಹೇಳುತ್ತಾರೆ: ಲೋಭ ಹಿಂಸೆಯದೇ ಇನ್ನೊಂದು ರೂಪ, ದಾನದಲ್ಲಿ ಅದು ತೊಲಗುತ್ತದೆ, ಹಾಗಾಗಿ ಅತಿಥಿಗೆ ಕೊಡುವುದು ಅಹಿಂಸೆಯೇ. ದಾನದಿಂದ ಪುಣ್ಯ ಬರುತ್ತದೆ ಅಂತ ಕೇಳಿಕೊಂಡೇ ಬೆಳೆದವನು ನಾನು. ಈ ಶ್ಲೋಕ ಓದಿದ ಮೇಲೆ, ಕೊಡುವಾಗಲೆಲ್ಲ ನನ್ನ ಲೋಭ ಎಲ್ಲಿದೆ ಅಂತ ಹುಡುಕತೊಡಗಿದೆ.

ಅದೇ ಗ್ರಂಥ ದಾನಿಯ ಏಳು ಗುಣಗಳನ್ನು ಹೇಳುತ್ತದೆ. ಇಹದ ಫಲ ಬಯಸದಿರುವುದು, ಕ್ಷಮೆ, ನಿಷ್ಕಪಟತೆ, ಅಸೂಯೆ ಪಡದಿರುವುದು, ಕೊರಗದಿರುವುದು, ಹರ್ಷ, ನಿರಹಂಕಾರ. ಎಷ್ಟು ಕೊಡಬೇಕೆಂಬ ಮಾತೇ ಈ ಏಳರಲ್ಲಿಲ್ಲ! ಮೂಲದಲ್ಲಿ ಇದು ಮುನಿಗಳಿಗೆ ಆಹಾರ ಕೊಡುವ ಸಂದರ್ಭದ್ದು. ಹಾಸನದಲ್ಲಿ ದಿನಸಿ ಅಂಗಡಿ ನಡೆಸುವ ನನಗೆ ಆ ಭಾಗ್ಯ ಶ್ರವಣಬೆಳಗೊಳಕ್ಕೆ ಹೋದಾಗ ಮಾತ್ರ. ದಿನನಿತ್ಯ ಒದಗುವುದು ಕರುಣಾದಾನ. ಅದಕ್ಕೂ ಈ ಏಳು ಸಲ್ಲುತ್ತವೆ ಎಂದೇ ನನ್ನ ನಂಬಿಕೆ.

ಒಬ್ಬ ಅಜ್ಜಿ ಆಗಾಗ ಅಕ್ಕಿ ಕೇಳಿಕೊಂಡು ಬರುತ್ತಾರೆ. ಅಳೆಯಲು ಎದ್ದರೆ ಕೈ ತಾನಾಗಿ ನುಚ್ಚು ಜಾಸ್ತಿ ಇರುವ ಚೀಲದ ಕಡೆ ಹೋಗುತ್ತದೆ. ಆ ಕ್ಷಣವನ್ನು ಹಿಡಿಯುವುದೇ ನನ್ನ ಅಭ್ಯಾಸ. ಅಲ್ಲೇ ನಿಂತು, ಲೋಭ ಬಂತು ಅಂತ ಗುರುತಿಸಿ, ನಮ್ಮ ಮನೆಗೆ ಒಯ್ಯುವ ಚೀಲದಿಂದಲೇ ಅಳೆಯುತ್ತೇನೆ. ಒಮ್ಮೆ ಅಜ್ಜಿ, “ಹೋದ್ಸಲದ್ದು ಅನ್ನ ಮುದ್ದೆ ಆಗೋಯ್ತು ಕಣಪ್ಪಾ, ಹಳೇ ಅಕ್ಕಿ ಕೊಡು” ಅಂದರು. ಸುಮ್ಮನೆ ಕೊಟ್ಟಿದ್ದಕ್ಕೂ ಆಕ್ಷೇಪಣೆಯೇ ಅಂತ ಒಳಗೆ ಚುರುಕ್ ಅಂದಿತು. ದಾನಿಯ ಗುಣಗಳಲ್ಲಿ ಕ್ಷಮೆ ಏಕೆ ಸೇರಿದೆ ಅಂತ ನನಗೆ ಅರ್ಥವಾಗಿದ್ದು ಆಗ. “ಆಯ್ತಜ್ಜಿ, ಹಳೇದೇ ಕೊಡ್ತೀನಿ” ಅಂದೆ. ಪಾಪ, ಅವರು ಕೇಳಿದ್ದರಲ್ಲಿ ತಪ್ಪೇನಿತ್ತು?

ಕೊಟ್ಟಿದ್ದನ್ನು ಮನೆಖರ್ಚಿನಲ್ಲೇ ಬರೆಯುತ್ತೇನೆ. ದಾನ ಅಂತ ಬೇರೆ ಬರೆದಿಟ್ಟರೆ ಮನಸ್ಸು ಅದನ್ನು ಕೂಡಿಸುತ್ತಾ ಕೂರುತ್ತದೆ.

ಕಷ್ಟವೆಂದರೆ ಅಸೂಯೆ. ಅತಿಥಿಗೆ ಕೊಡುವುದು ನಮ್ಮಲ್ಲಿ ಗೃಹಸ್ಥನ ಒಂದು ವ್ರತ. ಜೈನರ ಮೂಲಗ್ರಂಥವಾದ ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯದಲ್ಲಿ ಈ ವ್ರತದ ಅತಿಚಾರಗಳಲ್ಲಿ, ಅಂದರೆ ವ್ರತಕ್ಕೆ ತಗಲುವ ದೋಷಗಳಲ್ಲಿ, ಮಾತ್ಸರ್ಯವೂ ಒಂದು. ಆದರವಿಲ್ಲದೆ ಕೊಡುವುದು ಅಥವಾ ಬೇರೆ ದಾನಿಗಳ ಗುಣ ಸಹಿಸದಿರುವುದು ಎಂದು ಆ ಸೂತ್ರಗಳಿಗೆ ವ್ಯಾಖ್ಯಾನ ಬರೆದ ಪೂಜ್ಯಪಾದರು ಅದನ್ನು ಬಿಡಿಸುತ್ತಾರೆ. 2018ರ ಮಹಾಮಸ್ತಕಾಭಿಷೇಕದಲ್ಲಿ ದೊಡ್ಡ ಮೊತ್ತ ಕೊಟ್ಟು ಕಲಶ ಪಡೆದವರನ್ನು ನೋಡಿದಾಗ ನನ್ನಲ್ಲೂ ಅದು ಎದ್ದಿತು. ಬೆಟ್ಟದ ಮೇಲೆ ಬಾಹುಬಲಿಗೆ ಎದುರಾಗಿ ನಿಂತಿರುವ ಗುಳ್ಳಕಾಯಜ್ಜಿಯ ಕಥೆ ಎಲ್ಲರಿಗೂ ಗೊತ್ತು: ಚಾವುಂಡರಾಯನ ಕೊಡಗಟ್ಟಲೆ ಹಾಲು ಪಾದ ಮುಟ್ಟಲಿಲ್ಲ, ಆಕೆಯ ಗುಳ್ಳಕಾಯಿಯಷ್ಟು ಹಾಲು ಮುಟ್ಟಿತು. ಸಾಮಾನ್ಯವಾಗಿ ಇದನ್ನು ಚಾವುಂಡರಾಯನ ಗರ್ವಭಂಗ ಅಂತ ಹೇಳುತ್ತಾರೆ. ನನಗೆ ಅಜ್ಜಿಯ ಪಾಲೇ ದೊಡ್ಡದು. ಅಷ್ಟು ಕೊಡಗಳ ನಡುವೆ ತನ್ನದು ಕಡಿಮೆಯೆಂದು ಆಕೆ ಕುಗ್ಗಲಿಲ್ಲ, ಅವರದು ಹೆಚ್ಚೆಂದು ಕರುಬಲೂ ಇಲ್ಲ.

ಈಗ ಯಾರಾದರೂ ನನಗಿಂತ ಹೆಚ್ಚು ಕೊಟ್ಟರೆ ಅವರ ಎದುರಿಗೇ ‘ಒಳ್ಳೇದಾಯ್ತು’ ಅನ್ನುತ್ತೇನೆ. ಬೇರೆಯವರ ಒಳ್ಳೆಯ ಕೆಲಸವನ್ನು ಮೆಚ್ಚಿ ಒಪ್ಪುವ ಅನುಮೋದನೆಗೂ ಫಲವಿದೆ ಎನ್ನುತ್ತದೆ ನಮ್ಮ ಧರ್ಮ. ಮೊದಲು ಬಾಯಿಮಾತಾಗಿ ಬರುತ್ತಿತ್ತು, ಬರುಬರುತ್ತಾ ಮನಸ್ಸೂ ಒಪ್ಪತೊಡಗಿದೆ. ಹರ್ಷವೊಂದನ್ನು ಮಾತ್ರ ಹೀಗೆ ಅಭ್ಯಾಸದಿಂದ ತಂದುಕೊಳ್ಳಲು ಆಗಿಲ್ಲ. ಉಳಿದ ಆರರಲ್ಲಿ ಯಾವುದೂ ತಪ್ಪದ ದಿನ ಅದು ತಾನಾಗಿ ಬರುತ್ತದೆ.