ತಂಡದವರು ಸುಮ್ಮನಾದಾಗ: ಮುಕ್ತ ತಂತ್ರಾಂಶದ ಬೀಗದ ಕೈ ಯಾರ ಬಳಿ?

ಕಚೇರಿ ಕೆಲಸದ ಮುಕ್ತ ತಂತ್ರಾಂಶ ಲಿಬ್ರೆಆಫೀಸ್‌ನ ಕನ್ನಡ ಅನುವಾದವಿರಲಿ, ಎಲ್ಲರೂ ಸೇರಿ ಕಟ್ಟುವ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಸೋಮವಾರಪೇಟೆ ಕಡೆಯ ತೋಟದ ದಾರಿಗಳನ್ನು ಗುರುತಿಸುವ ಕೆಲಸವಿರಲಿ, ಸಂಬಳವಿಲ್ಲದೆ ನಡೆಯುವ ತಂಡದಲ್ಲಿ ಜನ ಬರುತ್ತಾರೆ, ಹೋಗುತ್ತಾರೆ. ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದವರಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ಕಾಫಿ ಕೊಯ್ಲಿಗೆ ಆಳು ಸಿಗದೆ ಮನೆಮಂದಿಯೆಲ್ಲ ತೋಟಕ್ಕಿಳಿಯಬೇಕಾಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಹೋಗುವಾಗ ತಂಡದ ಬೀಗದ ಕೈಯೂ, ಎಂದರೆ ಅಡ್ಮಿನ್ ಅಧಿಕಾರ, ಪಾಸ್‌ವರ್ಡ್‌ಗಳೂ, ಅವರ ಜೇಬಿನಲ್ಲೇ ಹೋಗಿಬಿಟ್ಟರೆ ಕೆಲಸ ನಿಲ್ಲುತ್ತದೆ. ಹಾಗಾಗಿ ಮನುಷ್ಯರ ವಿಚಾರ ಬೇರೆ, ಬೀಗದ ಕೈಯ ವಿಚಾರ ಬೇರೆ ಎಂದು ಮೊದಲೇ ಬಿಡಿಸಿಟ್ಟುಕೊಳ್ಳಿ. ಎರಡನ್ನೂ ಒಂದೇ ಸಲ ಎತ್ತಿದರೆ ನೋವೂ ಆಗುತ್ತದೆ, ಕೆಲಸವೂ ಕೆಡುತ್ತದೆ.

ಮೊದಲು ಪಟ್ಟಿ

ಒಂದು ಹಾಳೆಯಲ್ಲಿ ನಾಲ್ಕು ಕಂಬಸಾಲು ಎಳೆಯಿರಿ: ಯಾವ ಅಧಿಕಾರ, ಯಾರ ಬಳಿ, ಎರಡನೆಯವರು ಯಾರು, ಕೊನೆಯದಾಗಿ ಬಳಸಿದ್ದು ಯಾವಾಗ. ಕೋಡ್ ಇಡುವ ತಾಣಗಳಾದ ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್‌ನ ಅಡ್ಮಿನ್, ಅನುವಾದದ ತಾಣ ವೆಬ್ಲೇಟ್‌ನಲ್ಲಿ ಅನುವಾದ ಒಪ್ಪುವವರು, ಸರ್ವರ್‌ನ ಕೀಲಿ, ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಎಲ್ಲವೂ ಬರಲಿ. ಹೆಚ್ಚಾಗಿ ಮರೆತುಹೋಗುವುದು ಡೊಮೇನ್, ಎಂದರೆ ಜಾಲತಾಣದ ವಿಳಾಸ. ಅದನ್ನು ಒಬ್ಬರ ಸ್ವಂತ ಇಮೇಲ್‌ನಲ್ಲಿ ಕೊಂಡಿರುತ್ತಾರೆ, ಒಟಿಪಿ ಅವರ ಹಳೆಯ ಸಿಮ್‌ಗೆ ಬರುತ್ತದೆ, ಸಿಮ್ ಬದಲಾದ ದಿನದಿಂದ ನವೀಕರಣ ಯಾರ ಕೈಗೂ ಸಿಗುವುದಿಲ್ಲ. ಪ್ರತಿ ಅಧಿಕಾರಕ್ಕೂ ಕನಿಷ್ಠ ಇಬ್ಬರಿರಲಿ. ಚಿಕ್ಕ ತಂಡದಲ್ಲಿ ಮೂವರಿಗಿಂತ ಹೆಚ್ಚು ಬೇಡ. ಯಾರೂ ಬಳಸದ ಅಡ್ಮಿನ್ ಖಾತೆ ಎಂದರೆ ಕಾವಲಿಲ್ಲದ ಬಾಗಿಲು.

ಎಷ್ಟು ದಿನ ಕಾಯಬೇಕು?

ಸರ್ವರ್‌ಗಳನ್ನು ನಿಭಾಯಿಸುವ ಮುಕ್ತ ತಂತ್ರಾಂಶ ಕುಬರ್ನೆಟಿಸ್‌ನ ಯೋಜನೆ 12 ತಿಂಗಳು ಕೆಲಸ ಕಾಣದ ಸದಸ್ಯರನ್ನು ನಿಷ್ಕ್ರಿಯರೆಂದು ಎಣಿಸುತ್ತದೆ. ತಮ್ಮದೇ ನಿಯಮವಿಲ್ಲದ ವಿಕಿಪೀಡಿಯಾಗಳಲ್ಲಿ ನಿರ್ವಾಹಕರು ಎರಡು ವರ್ಷ ಏನೂ ಮಾಡದಿದ್ದರೆ ಅವರ ಅಧಿಕಾರದ ಪರಿಶೀಲನೆ ಶುರುವಾಗುತ್ತದೆ. ಹತ್ತು ಹದಿನೈದು ಜನರ ತಂಡಕ್ಕೆ ಎರಡು ವರ್ಷ ತುಂಬ ಉದ್ದ. ಬೇರೆಯವರ ತಿದ್ದುಪಡಿಗಳನ್ನು ಪರಿಶೀಲಿಸುವ ಹೊಣೆಗೆ 6 ತಿಂಗಳು, ಬೀಗದ ಕೈಗೆ 12 ತಿಂಗಳು ಇಟ್ಟುಕೊಳ್ಳಿ. ನಿಯಮವನ್ನು ಎಲ್ಲರೂ ಚುರುಕಾಗಿರುವಾಗಲೇ ಬರೆದಿಡಿ. ಒಬ್ಬರು ಕಾಣೆಯಾದ ಮೇಲೆ ಬರೆದರೆ ಅದು ಅವರ ಮೇಲೇ ಬರೆದ ಹಾಗಾಗುತ್ತದೆ.

ಯಾರು ಸುಮ್ಮನಾಗಿದ್ದಾರೆಂದು ಎಣಿಸುವಾಗ ಎಚ್ಚರ: ಗಿಟ್ ಶಾರ್ಟ್‌ಲಾಗ್ ಆದೇಶ ಯಾರು ಎಷ್ಟು ಕಮಿಟ್ (ಕೋಡ್‌ನಲ್ಲಿ ದಾಖಲಾದ ಬದಲಾವಣೆ) ಮಾಡಿದ್ದಾರೆಂದು ತೋರಿಸುತ್ತದೆ, ಅಷ್ಟೇ. ಬೇರೆಯವರ ಕೆಲಸ ತಿದ್ದಿದವರು, ಹೊಸಬರಿಗೆ ಹೇಳಿಕೊಟ್ಟವರು, ದೋಷ ವರದಿ ಮಾಡಿದವರು ಅದರಲ್ಲಿ ಕಾಣುವುದಿಲ್ಲ. ಆ ಒಂದು ಲೆಕ್ಕ ನಂಬಿ ಪತ್ರ ಕಳಿಸಿದರೆ, ತಂಡವನ್ನು ಹಿಡಿದಿಟ್ಟವರಿಗೇ ‘ನೀವು ಕಾಣುತ್ತಿಲ್ಲ’ ಎಂದ ಹಾಗಾಗುತ್ತದೆ.

ಕೊಡಗಿನಲ್ಲಿ ಎಣಿಕೆಯ ತಿಂಗಳೂ ಮುಖ್ಯ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಲೈನ್ ತುಂಡಾಗಿ, ದಿನಗಟ್ಟಲೆ ಕರೆಂಟೂ ನೆಟ್‌ವರ್ಕೂ ಇರುವುದಿಲ್ಲ. ನವೆಂಬರ್ ಕಳೆಯುವಷ್ಟರಲ್ಲಿ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ; ಮಾರ್ಚ್‌ವರೆಗೂ ಪುರುಸೊತ್ತಿಲ್ಲ. ಕೊಡವರ ಆಯುಧಪೂಜೆಯ ಹಬ್ಬ ಕೈಲು ಮುಹೂರ್ತ ಮುಗಿದ ಮೇಲೆ, ಸೆಪ್ಟೆಂಬರ್ ಎರಡನೇ ವಾರದಲ್ಲಿ ಪಟ್ಟಿ ತೆರೆದರೆ ಸುಗ್ಗಿ ಹಬ್ಬ ಹುತ್ತರಿಗೆ ಮೊದಲೇ ಎಲ್ಲ ಮುಗಿಸಬಹುದು.

ಕೇಳುವ ರೀತಿ

ಗುಂಪಿನಲ್ಲಿ ಹೆಸರು ಹಾಕಿ ಕೇಳಬಾರದು. ಅವರನ್ನು ಚೆನ್ನಾಗಿ ಬಲ್ಲ ಒಬ್ಬರು ಖಾಸಗಿಯಾಗಿ ಬರೆಯಲಿ. ಹೀಗೆ:

‘ನಮಸ್ಕಾರ ಅಕ್ಕ, ಚೆನ್ನಾಗಿದ್ದೀರಾ? ಕಳೆದ ವರ್ಷ ನೀವು ತಿದ್ದಿಕೊಟ್ಟ ಪದಪಟ್ಟಿಯನ್ನೇ ಈಗಲೂ ಬಳಸುತ್ತಿದ್ದೇವೆ. ಅಡ್ಮಿನ್ ಪಟ್ಟಿ ನೋಡುತ್ತಿದ್ದೆವು. ಮೂರರಲ್ಲಿ ಒಂದು ಹೇಳಿದರೆ ಸಾಕು: ಮುಂದುವರಿಸುತ್ತೀರಾ, ಇಷ್ಟು ತಿಂಗಳು ಬಿಡುವು ಬೇಕಾ, ಅಥವಾ ಹೊಣೆಯನ್ನು ಬೇರೆಯವರಿಗೆ ಒಪ್ಪಿಸೋಣವಾ? ಯಾವುದಾದರೂ ಸರಿ, ಕಾರಣ ಹೇಳಬೇಕೆಂದಿಲ್ಲ.’

‘ಯಾಕೆ ಕೆಲಸ ಮಾಡುತ್ತಿಲ್ಲ’ ಎಂಬ ಪ್ರಶ್ನೆ ಬೇಡವೇ ಬೇಡ. ನಾಚಿಕೆಯಾದವರು ಉತ್ತರಿಸುವುದಿಲ್ಲ. 14 ದಿನ ಬಿಟ್ಟು ಇನ್ನೊಂದು ಸಂದೇಶ, 30ನೇ ದಿನ ಒಂದು ಫೋನ್, 45ನೇ ದಿನಕ್ಕೆ ಅಧಿಕಾರ ವಾಪಸ್. ಈ ದಿನಾಂಕಗಳನ್ನು ಎರಡನೇ ಸಂದೇಶದಲ್ಲೇ ತಿಳಿಸಿ. ಲಿನಕ್ಸ್ ಆಧರಿಸಿದ ಡೆಬಿಯನ್ ಯೋಜನೆಯಲ್ಲಿ ಹೀಗೆ ಕಾಣೆಯಾದವರನ್ನು ವಿಚಾರಿಸಲೆಂದೇ ಒಂದು ತಂಡವಿದೆ. ಅಷ್ಟು ದೊಡ್ಡ ಯೋಜನೆಯೂ ಇದನ್ನು ಚಿಲ್ಲರೆ ಕೆಲಸವೆಂದು ಬಿಟ್ಟಿಲ್ಲ.

ಮಾತಿಗೆ ಸಿಕ್ಕಿದರೆ, ಕಳಿಸಿದ ಕೆಲಸಕ್ಕೆ ಉತ್ತರ ಬಂದಿತ್ತೇ ಎಂದೂ ಕೇಳಿ. ತಿಂಗಳುಗಟ್ಟಲೆ ಯಾರೂ ನೋಡದೆ ಬಿದ್ದ ತಿದ್ದುಪಡಿಯೇ ಎಷ್ಟೋ ಮಂದಿಯ ಉತ್ಸಾಹ ಕೆಡಿಸುತ್ತದೆ. ಹಾಗಾಗಿದ್ದರೆ ಸರಿಪಡಿಸಬೇಕಾದದ್ದು ತಂಡ.

ಅಧಿಕಾರ ಹಿಂಪಡೆಯುವ ದಿನ

ಮೊದಲು ಎರಡನೆಯವರು ಲಾಗಿನ್ ಆಗಿ ಎಲ್ಲ ತೆರೆಯುತ್ತದೆಯೇ ನೋಡಲಿ. ಆಮೇಲೆ ಹಳೆಯ ಖಾತೆಯ ಅಡ್ಮಿನ್ ಅಧಿಕಾರ ತೆಗೆಯಿರಿ. ಸದಸ್ಯತ್ವ ಹಾಗೇ ಇರಲಿ. ಹಂಚಿಕೊಂಡ ಪಾಸ್‌ವರ್ಡ್, ಟೋಕನ್, ಸರ್ವರ್ ಕೀಲಿಗಳನ್ನು ಅದೇ ದಿನ ಬದಲಿಸಿ. ಗಿಟ್‌ಹಬ್‌ನಲ್ಲಿ ಯಾವ ಕಡತಕ್ಕೆ ಯಾರು ಒಡೆಯರೆಂದು ಬರೆದಿಡುವ ಕೋಡ್‌ಓನರ್ಸ್ ಕಡತವನ್ನು ಮರೆಯಬೇಡಿ. ಕಡತದ ಒಡೆಯರ ಒಪ್ಪಿಗೆ ಕಡ್ಡಾಯವೆಂದು ಹಾಕಿದ್ದು, ಅಲ್ಲಿ ಊರು ಬಿಟ್ಟವರ ಹೆಸರೊಂದೇ ಇದ್ದರೆ, ಬಂದ ತಿದ್ದುಪಡಿಗಳೆಲ್ಲ ಬಾಗಿಲಲ್ಲೇ ನಿಲ್ಲುತ್ತವೆ.

ಅವರು ವಹಿಸಿಕೊಂಡು ಬಿಟ್ಟ ಕೆಲಸಕ್ಕೆ ಮೂರು ವಾರದ ಗಡುವು ಸಾಕು. ಆಮೇಲೆ ಬೇರೆಯವರು ಎತ್ತಿಕೊಳ್ಳಲಿ, ಆದರೆ ಹೊಸದಾಗಿ ಶುರುಮಾಡದೆ ಅವರ ಕಮಿಟ್‌ಗಳ ಮೇಲೇ ಮುಂದುವರಿಸಲಿ. ಆಗ ಅವರ ಹೆಸರು ಇತಿಹಾಸದಲ್ಲಿ ಉಳಿಯುತ್ತದೆ. ಕುಬರ್ನೆಟಿಸ್‌ನಲ್ಲಿ ಹೊಣೆ ಬಿಟ್ಟವರ ಹೆಸರನ್ನು ಗೌರವದ ಪಟ್ಟಿಗೆ ಸೇರಿಸುತ್ತಾರೆ. ನಾವೂ ಮಾಡಲೇಬೇಕಾದ ಕೆಲಸವಿದು, ಐದು ನಿಮಿಷ ಸಾಕು.

ಖಾಲಿ ಜಾಗಕ್ಕೆ ಅವಸರ ಬೇಡ

ಎಚ್ಚರ ತಪ್ಪುವುದು ಇಲ್ಲಿ. 2018ರಲ್ಲಿ ಈವೆಂಟ್-ಸ್ಟ್ರೀಮ್ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜಿನ ಮೂಲ ಲೇಖಕ, ತಾನಿನ್ನು ಬಳಸದ ಆ ಕೆಲಸವನ್ನು ಕೇಳಿಕೊಂಡು ಬಂದ ಅಪರಿಚಿತರಿಗೆ ಒಪ್ಪಿಸಿದರು. ಬಂದವರು ಬಿಟ್‌ಕಾಯಿನ್ ಕದಿಯುವ ಕೋಡ್ ಸೇರಿಸಿದರು. ಕಡತಗಳನ್ನು ಕುಗ್ಗಿಸುವ ತಂತ್ರಾಂಶವಾದ ಎಕ್ಸ್‌ಝಡ್‌ನ ಪ್ರಕರಣದಲ್ಲಿ ದಣಿದಿದ್ದ ಒಬ್ಬಂಟಿ ನಿರ್ವಾಹಕರ ಮೇಲೆ ‘ಬೇರೆಯವರಿಗೆ ಬಿಟ್ಟುಕೊಡಿ’ ಎಂಬ ಒತ್ತಡ ಬಂತು. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದ ಖಾತೆಯೇ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟಿತು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನವಾದದ್ದನ್ನು ಕಂಡು ಹುಡುಕಿದ್ದರಿಂದ ಅದು ಬಯಲಾಯಿತು.

ಆದ್ದರಿಂದ ಹೊಸಬರಿಗೆ ಮೊದಲು ಪರಿಶೀಲನೆಯ ಹೊಣೆ ಮಾತ್ರ ಕೊಡಿ. ಬಿಡುಗಡೆಗೆ ಇಬ್ಬರ ಒಪ್ಪಿಗೆ ಬೇಕೆಂಬ ನಿಯಮ ಹಾಕಿ. ಆತುರ ಮಾಡುವವರ ಮಾತಿಗೆ ಬಗ್ಗಬೇಡಿ.

ಹಳಬರು ಮರಳಿ ಬಂದಾಗಲೂ ಎಚ್ಚರ ಬೇಕು. ಅನೇಕ ಮುಕ್ತ ತಂತ್ರಾಂಶಗಳಿಗೆ ಆಸರೆಯಾದ ಅಪಾಚೆ ಪ್ರತಿಷ್ಠಾನದಲ್ಲಿ ಗಳಿಸಿದ ಅರ್ಹತೆಗೆ ಅವಧಿ ಇಲ್ಲ. ಮತ್ತೆ ಪರೀಕ್ಷೆ ಒಡ್ಡಬೇಕಿಲ್ಲ. ಆದರೆ ಕೇಳುತ್ತಿರುವುದು ಅವರೇ ಎಂಬುದನ್ನು ಇಮೇಲ್‌ನಲ್ಲಿ ನೋಡಿದರೆ ಸಾಲದು, ಖಾತೆ ಕಳುವಾಗಿರಬಹುದು. ಫೋನಿನಲ್ಲಿ ದನಿ ಕೇಳಿ, ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಸಿಕ್ಕಿದರೆ ಇನ್ನೂ ಒಳ್ಳೆಯದು. ಎರಡು ವಾರ ಸಣ್ಣ ತಿದ್ದುಪಡಿಗಳನ್ನು ಮಾಡಲಿ. ಬದಲಾದ ಪದಪಟ್ಟಿ, ಹೊಸ ನಿಯಮಗಳು ಕೈಗೆ ಹತ್ತಿದ ಮೇಲೆ ಅಧಿಕಾರ ಮರಳಿಸಿ, ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಹೊಸ ದಿನಾಂಕ ಬರೆಯಿರಿ.